ಪ್ರಬಂಧದಿಂದ ತೆಗೆದ ಅಧ್ಯಾಯ

ದಾವಣಗೆರೆಯ ಶಾಲೆಯೊಂದರಲ್ಲಿ ಆರು ವರ್ಷ ಪಾಠ ಹೇಳಿದ ಉಜ್ಜನಪ್ಪ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಸಂಬಳವಿಲ್ಲದ ರಜೆ ಹಾಕಿ, ಧಾರವಾಡಕ್ಕೆ ಹೋಗಿ ಮಾನವಶಾಸ್ತ್ರದ ಎಂ.ಎ. ಸೇರಿಕೊಂಡ. ಅದೆಂಥ ಓದು ಎಂದು ತಾಯಿ ಕಸ್ತೂರಮ್ಮ ಕೇಳಿದಾಗ, ಜನ ಹೇಗೆ ಬದುಕುತ್ತಾರೆಂದು ಅವರ ನಡುವೆಯೇ ಕೂತು ನೋಡಿ ಬರೆಯುವುದು ಎಂದಿದ್ದ. ಅದಕ್ಕೆ ಧಾರವಾಡದ ತನಕ ಹೋಗಬೇಕೇ ಎಂದು ಆಕೆ ಕೇಳಿದ್ದಳು.

ಎರಡನೆಯ ವರ್ಷ, ಅಂದರೆ ೧೯೬೩ರ ಬೇಸಿಗೆಯಲ್ಲಿ, ಹರಿಹರದ ಪಿಂಜಾರರ ಬಗ್ಗೆ ಪ್ರಬಂಧ ಬರೆಯಬೇಕೆಂದು ಪ್ರೊಫೆಸರು ಗೊತ್ತುಮಾಡಿದರು. ಹತ್ತಿ ಹಿಂಜಿ ಗಾದಿ ಹೊಲಿಯುವ ಹನ್ನೊಂದು ಮನೆಗಳ ಸಣ್ಣ ಕೇರಿ ಅದು. ಉಜ್ಜನಪ್ಪ ದಾವಣಗೆರೆಯ ಮನೆಯಲ್ಲಿದ್ದುಕೊಂಡು ದಿನವೂ ಬೆಳಗಿನ ಪ್ಯಾಸೆಂಜರಿಗೆ ಹರಿಹರಕ್ಕೆ ಹೋಗುವನು, ಸಂಜೆಯ ಗಾಡಿಗೆ ತಿರುಗಿ ಬರುವನು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಮೂಗಿನೊಳಗೆಲ್ಲ ಹತ್ತಿಯ ಪುಡಿ. ಕೇರಿಯ ಹಿರಿಯ ಹಯಾತ್ ಸಾಬ್ ಹತ್ತಿ ಹಿಂಜುವ ಬಿಲ್ಲು ಮೀಟುತ್ತಲೇ, ಜನಗಣತಿಯವರಿಗೆ ಕೊಟ್ಟ ಉತ್ತರಗಳನ್ನೇ ಇವನಿಗೂ ಕೊಡುತ್ತಿದ್ದ. ಮೂರು ವಾರ ಕಳೆದರೂ ಪುಸ್ತಕದಲ್ಲಿ ಹುರುಳಿರುವ ಒಂದು ಸಾಲೂ ಕೂಡಲಿಲ್ಲ.

ನಾಲ್ಕನೆಯ ವಾರ ಅವನಿಗೆ ಅಲ್ಲೇ ಜ್ವರ ಏರಿತು. ಹಯಾತ್ ಸಾಬನ ಹೆಂಡತಿ ಶಹರ್‌ಬಾನು ಹೊಸ ಗಾದಿಯೊಂದನ್ನು ಹಾಸಿ ಮಲಗಿಸಿ, ಗಂಜಿ ಕುಡಿಸಿದಳು. ಪಕ್ಕದಲ್ಲಿ ಕೂತು ಗಾಳಿ ಬೀಸುತ್ತ, ಯಾರಿಗೂ ಹೇಳದ ಮಾತನ್ನು ಹೇಳಿಕೊಂಡಳು. ಮಗಳು ಹಜೀರಾಬೀಯ ಗಂಡ ಹೊಸಪೇಟೆಯಲ್ಲಿ ಕಾಲರಾ ಬಂದು ಸತ್ತನೆಂದು ಕೇರಿಯೆಲ್ಲ ನಂಬಿತ್ತು. ಅವನು ಸತ್ತಿರಲಿಲ್ಲ, ಇವಳನ್ನು ಬಿಟ್ಟು ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಗಂಡ ಬಿಟ್ಟವಳೆಂಬ ಮಾತಿಗಿಂತ ವಿಧವೆಯ ಬಾಳೇ ವಾಸಿ ಎಂದು ಮನೆಯವರು ಹಾಗೆ ಹೇಳಿಬಿಟ್ಟಿದ್ದರು.

ಜ್ವರ ಇಳಿದ ಮೇಲೆ ಉಜ್ಜನಪ್ಪ ಅದನ್ನೆಲ್ಲ ಬರೆದ. ಪುಟಗಳು ತಾವಾಗಿಯೇ ತುಂಬಿದವು. ಧಾರವಾಡದಲ್ಲಿ ಪ್ರೊಫೆಸರು ಓದಿ, ಈಗ ಇದು ಕುಲಶಾಸ್ತ್ರದ ಅಧ್ಯಯನವಾಯಿತು ಎಂದರು. ಹೆಸರು ಬದಲಿಸಿದರೆ ಸಾಕು ಎಂದೂ ಹೇಳಿದರು. ಊರಿಗೆ ಮರಳುವ ಗಾಡಿಯಲ್ಲಿ ಅವನು ಹೆಸರು ಬದಲಿಸಿ ನೋಡಿದ. ಇರುವುದು ಹನ್ನೊಂದೇ ಮನೆ. ಯಾವ ಹೆಸರಿಟ್ಟರೂ ಹಜೀರಾಬೀಯೇ ಕಾಣುತ್ತಿದ್ದಳು.

ಕೇಳಿಯೇ ಬರೆಯೋಣವೆಂದು ಮತ್ತೆ ಕೇರಿಗೆ ಹೋದ. ಹಜೀರಾಬೀ ಒಬ್ಬಳೇ ಕೂತು ಗಾದಿಗೆ ಹತ್ತಿ ತುಂಬುತ್ತಿದ್ದಳು. ಅದುವರೆಗೆ ಅವನೊಡನೆ ಒಂದು ಮಾತೂ ಆಡದಿದ್ದವಳು, ಅವನು ಹೇಳಿದ್ದನ್ನೆಲ್ಲ ಕೇಳಿ, ತಲೆಯೆತ್ತದೆ ಅಂದಳು:

"ಅದನ್ನ ಯಾರು ಓದ್ತಾರ್ರಿ, ಮೇಷ್ಟ್ರೇ?"

"ಇಬ್ಬರು ಓದ್ತಾರಮ್ಮ. ಪರೀಕ್ಷೆ ಮಾಡೋರು. ಆಮೇಲೆ ಲೈಬ್ರರಿಯಾಗೆ ಇರ್ತೈತೆ."

"ಇಬ್ರು ಓದಾಕೆ ನಾನು ಊರ ಬಾಯಿಗೆ ಬೀಳ್ಬೇಕೇನ್ರಿ? ಅಮ್ಮ ಹೇಳಿದ್ದು ಜ್ವರದಾಗೆ ಮಲಗಿದ್ದ ಮನುಷ್ಯಂಗೆ. ಪುಸ್ತಕಕ್ಕಲ್ಲ."

ಉಜ್ಜನಪ್ಪ ಆಗಲಿ ಎಂದಷ್ಟೇ ಹೇಳಿ ಎದ್ದ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಆ ಇಪ್ಪತ್ತೆರಡು ಪುಟಗಳನ್ನು ಒಂದೊಂದಾಗಿ ಹರಿದ. ಒಳ್ಳೆಯದು ಮಾಡಿದೆನೆಂಬ ಸಮಾಧಾನವೇನೂ ಆಗಲಿಲ್ಲ. ಎದುರಿಗೆ ಬಂದು ನಿಂತ ಗಾಡಿಯನ್ನು ಹತ್ತದೆ ಮುಂದಿನದಕ್ಕೆ ಕಾದ.

ಉಳಿದ ಪ್ರಬಂಧದಲ್ಲಿ ಬಿಲ್ಲಿನ ಅಳತೆ, ಗಾದಿಯ ಬಗೆ, ಮದುವೆಯ ಊಟ ಇಷ್ಟೇ ಇತ್ತು. ಪ್ರೊಫೆಸರು ಕಾರಣ ಕೇಳಿದರು, ಇವನು ಹೇಳಲಿಲ್ಲ. ಮೂರನೆಯ ದರ್ಜೆ ಬಂತು. ಕಾಲೇಜಿನ ಕೆಲಸದ ಆಸೆ ಅಲ್ಲಿಗೆ ಮುಗಿಯಿತು.

ರಜೆ ಮುಗಿಸಿ ಹಳೆಯ ಶಾಲೆಗೇ ಹಾಜರಾದ. ಎರಡು ವರ್ಷ ಏನು ಕಲಿತು ಬಂದಿರಿ ಎಂದು ಹೆಡ್‌ಮಾಸ್ತರು ವಿಶ್ವಾಸದಿಂದಲೇ ಕೇಳಿದರು. ಉಜ್ಜನಪ್ಪ, ಆಮೇಲೆ ಹೇಳುತ್ತೇನೆ ಎಂದು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಆರನೆಯ ತರಗತಿಯ ಕಡೆ ನಡೆದ.