ಧ್ವಜದ ಕೆಳಗ ಯಾರು ಸತ್ರು?

ಗೆಳೆಯರೇ, ಇವತ್ತು ಮುಂಜಾನೆ ನಮ್ಮ ಮಾನ್ವಿ ಶಾಲ್ಯಾಗ ಸ್ವಾತಂತ್ರ್ಯ ದಿನದ ಧ್ವಜ ಬಿಚ್ಚಿಕೊಂಡಿದ್ದೇ ತಡ, ತಮ್ಮ ಮಕ್ಕಳನ್ನ ನೋಡಾಕ ಬಂದಿದ್ದ ಬಂಗಾಲಿ ನಿರಾಶ್ರಿತರ ಕ್ಯಾಂಪಿನ ಹೆಣ್ಮಕ್ಕಳು ನಾಲಿಗಿ ಆಡಿಸಿ "ಉಲುಲುಲು" ಅಂತ ಒಮ್ಮೆಲೇ ಕೂಗಿದ್ರು. ನಿರೂಪಣೆ ಮಾಡಾಕತ್ತಿದ್ದ ನಾನು ಗಾಬರಿಬಿದ್ದು ಮೈಕಿನ್ಯಾಗೇ ಕೇಳಿಬಿಟ್ಟೆ: "ಯವ್ವಾ, ಯಾರು ಸತ್ರು? ಯಾಕ ಬಾಯಿ ಬಡ್ಕೊಳ್ಳಾಕತ್ತೀರಿ?"

ಇಡೀ ಮೈದಾನ ನನ್ನ ಕಡೆ ತಿರುಗಿ ನೋಡ್ತು.

ಅವ್ರೊಳಗಿನ ಒಬ್ಬಾಕಿ ಮುದುಕಿ ನಮ್ಮ ಕನ್ನಡದಾಗೇ ಅಂದ್ಳು: "ಯಾರೂ ಸತ್ತಿಲ್ರೀ ಸರ. ಮನ್ಯಾಗ ಕೂಸು ಹುಟ್ಟಿದ್ರ ನಾವು ಹಿಂಗ ಕೂಗ್ತೀವಿ. ಇವತ್ತು ದೇಶ ಹುಟ್ಟಿದ ದಿನ ಅಲ್ಲೇನ್ರೀ?"

ಇಪ್ಪತ್ತು ವರ್ಷದಿಂದ ಅದೇ ಧ್ವಜದ ಕೆಳಗ ನಿಂತು "ಸಡಗರ, ಸಂಭ್ರಮ" ಅಂತ ಒದರಾಕತ್ತೀನಿ. ಇವತ್ತು ಖರೇ ಸಂಭ್ರಮ ಕಿವಿಗಿ ಬಿದ್ರ, ಹೆಣ ಎಲ್ಲಿ ಅದ ಅಂತ ಹುಡುಕಿದೆ ನೋಡ್ರಿ!