ಅಬೀಲಿಯೊನ ಗುರುತಿಗೊಂದು ಗೆರೆ

ಖಾಲಿ ಜಾಗ ಕಂಡರೆ ಜುಲ್ಮಿರಾಳ ಕೈ ಸುಮ್ಮನಿರುತ್ತಿರಲಿಲ್ಲ. ದಿಂಬಿನ ಮೂಲೆ, ಪರದೆಯ ಅಂಚು, ಪಾದ್ರಿಯ ಕರವಸ್ತ್ರ, ಎಲ್ಲಿ ಬಿಳುಪು ಕಂಡರೂ ಅಲ್ಲೊಂದು ಏಡಿಯೋ ಚಿಪ್ಪೋ ಹುಟ್ಟಿಕೊಳ್ಳುತ್ತಿತ್ತು. ಹದಿನಾಲ್ಕರಿಂದ ಐವತ್ತೆಂಟರವರೆಗೆ ಡಬ್ಬಿಮೀನಿನ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸಿದವಳು ಅವಳು. ಈಗ ಕಡಲಿಳಿತದ ಹೊತ್ತಿಗೆ ತಮ್ಮೂರು ಪೋವೊವಾದ ದಂಡೆಗೆ ಹೋಗಿ ಹರಿದ ಬಲೆ, ಹಗ್ಗದ ಚೂರು ಆರಿಸಿ ತಂದು, ಬಿಚ್ಚಿ ತೊಳೆದು, ಬಟ್ಟೆಯ ಮೇಲೆ ಕಡಲು ಹೊಲಿಯುವುದೇ ಕೆಲಸ.

"ಸಮುದ್ರ ಉಗಿದಿದ್ದನ್ನೆಲ್ಲ ಮನೆಗೆ ಹೊತ್ಕೊಂಡು ಬರ್ತಾಳೆ ಇವ್ಳು" ಎಂದು ತಾಯಿ ಫೆಲಿಸ್ಮಿನಾ ಗೊಣಗುತ್ತಿದ್ದಳು. ಎಂಬತ್ತೇಳರ ಮುದುಕಿ. ಗಂಡ ಅಬೀಲಿಯೊ ದೋಣಿಸಮೇತ ಮುಳುಗಿದಾಗ ಮಗಳಿಗಿನ್ನೂ ಎರಡು ವರ್ಷ. ಅಂದು ತೊಟ್ಟ ಶೋಕದ ಕಪ್ಪು ಬಟ್ಟೆಯನ್ನು ಅವಳು ಅರವತ್ತು ವರ್ಷದಿಂದ ಬದಲಿಸಿರಲಿಲ್ಲ. ಊರಿನಲ್ಲಿ ಗಂಡಂದಿರ ಮಾತು ಬಂದಾಗಲೆಲ್ಲ ಅವಳ ತಲೆ ಒಂದು ಗೇಣು ಎತ್ತರವಾಗುತ್ತಿತ್ತು.

ಮೀನುಗಾರರ ಸಂಘದವರು ತಮ್ಮ ಸಭಾಂಗಣದ ಗೋಡೆಗೊಂದು ದೊಡ್ಡ ಪರದೆ ಬೇಕೆಂದರು. ಜುಲ್ಮಿರಾ ಏಳು ತಿಂಗಳು ಕೂತಳು. ಒದ್ದೆ ಮರಳಿಗೆ ಕಂದು ಉಣ್ಣೆ, ನೊರೆಗೆ ಹಿಂಜಿದ ಬಿಳಿ ಹತ್ತಿ, ಪಾಚಿಗೆ ಹಳೆಯ ಬಲೆಯ ಹಸಿರು ದಾರ. ಕೆಳಗೆ ಸಾಲಾಗಿ ಮನೆತನಗಳ ಗುರುತು, ದೋಣಿ ಬಲೆಗಳ ಮೇಲೆ ಹಾಕುತ್ತಾರಲ್ಲ, ಅವೇ. ಅಪ್ಪನ ಗುರುತು ಇದ್ದ ಹಾಗೇ ಕಿರಿಯ ಮಗನಿಗೆ. ಹಿರಿಯ ಮಗ ಅದಕ್ಕೊಂದು ಗೆರೆ ಸೇರಿಸಬೇಕು, ಎರಡನೆಯವನು ಎರಡು. ಅಬೀಲಿಯೊನದು ಕೋಳಿಕಾಲಿನ ಗುರುತು. ಗಂಡುಮಕ್ಕಳಿಲ್ಲದ್ದರಿಂದ ಅದೂ ಅವನ ಜೊತೆಗೇ ಮುಳುಗಿತೆಂದು ಎಲ್ಲರ ಲೆಕ್ಕ.

ಕೊನೆಯಲ್ಲಿ ಹೊಲಿದದ್ದು ಅದನ್ನೇ. ಪಕ್ಕದಲ್ಲಿ ಎರಡು ಬೆರಳಿನಷ್ಟು ಜಾಗ ಬೋಳಾಗಿ ಉಳಿಯಿತು. ಅವಳ ಕೈ ತಡೆಯಲಿಲ್ಲ, ಕೆಂಪು ದಾರದಲ್ಲಿ ಒಂದು ಪುಟ್ಟ ಗೆರೆ ಎಳೆದುಬಿಟ್ಟಳು. ಗುರುತು ಓದಲು ಬಾರದವಳೇನಲ್ಲ. ಆ ಹೊತ್ತಿನಲ್ಲಿ ಅದು ಅವಳ ಕಣ್ಣಿಗೆ ಗುರುತಾಗಿ ಕಾಣದೆ ಬರೀ ಕಸೂತಿಯಾಗಿ ಕಂಡಿತ್ತು, ಅಷ್ಟೆ.

ಭಾನುವಾರ ಪೂಜೆ ಮುಗಿಸಿ ಜನ ಪರದೆ ನೋಡಲು ಸಭಾಂಗಣಕ್ಕೆ ಬಂದರು. ಮೀನು ಮಾರುವ ಅರ್ಮಿಂಡಾಳ ಗಂಟಲು ಮೊದಲು ಎದ್ದಿತು.

"ಅಯ್ಯೋ ದೇವ್ರೇ! ಅಬೀಲಿಯೊಗೆ ದೊಡ್ಡಮಗ ಬೇರೆ ಇದ್ನಾ?"

"ದೊಡ್ಡೋನಿದ್ಮೇಲೆ ಚಿಕ್ಕೋನೂ ಇರ್ಬೇಕಲ್ಲೇ!" ಎಂದರು ಹಿಂದಿನಿಂದ. "ಎಷ್ಟು ಮನೆ ಕಟ್ಟಿದ್ನಪ್ಪಾ ಪುಣ್ಯಾತ್ಮ?"

ನಗೆ ಎದ್ದಿತು. ಜುಲ್ಮಿರಾಳಿಗೆ ಆಗ ಗೆರೆಯ ಅರ್ಥ ಹೊಳೆಯಿತು. ಆಡಿಕೊಳ್ಳುವವರ ಮುಂದೆ ತಾನೇ ಎಡವಿಬಿದ್ದಿದ್ದಳು. ತಾಯಿಯ ಮುಖ ಸುಣ್ಣದ ಗೋಡೆಯಂತಾಗಿತ್ತು. ಆ ಮುಖ ನೋಡಿ ಅವಳಿಗೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕೆನ್ನಿಸಿತು.

"ಅದು ಚೆಂದಕ್ಕೆ ಹಾಕಿದ್ದು!" ಎಂದು ಕೂಗಿದಳು.

"ಗುರುತಿಗೆ ಎಂಥಾ ಚೆಂದ ತಾಯಿ?"

ಚೀಲ ತಡಕಾಡಿ ಕತ್ತರಿ ತೆಗೆದಳು. ಅಷ್ಟರಲ್ಲಿ ಒಬ್ಬ ಬಂದು ಪರದೆಗೆ ಅಡ್ಡ ನಿಂತ. ಪಕ್ಕದ ಕಾಶೀನಾಶ್ ಕೇರಿಯ ಬಲೆ ನೇಯುವ ಡೆಲ್ಫಿಂ. ಟೊಪ್ಪಿ ಕೈಯಲ್ಲಿತ್ತು.

"ಬಿಚ್ಬೇಡಿ ಅಕ್ಕಾ. ನಿಮ್ಗೆ ಯಾರು ಹೇಳಿದ್ರು?"

"ಏನು?"

"ನಮ್ಮಮ್ಮ ಸಾಯೋವಾಗ ನನ್ನೊಬ್ನಿಗೇ ಹೇಳಿದ್ದು. ನಾನು ಇದುವರ್ಗೂ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ."

ಜುಲ್ಮಿರಾ ಅವನನ್ನು ಆಗ ನೋಡಿದಳು. ದಿನಾ ಕನ್ನಡಿಯಲ್ಲಿ ಕಾಣುವ ತನ್ನದೇ ದವಡೆ, ತನ್ನದೇ ಕೂಡುಹುಬ್ಬು. ವರ್ಷಗಟ್ಟಲೆ ಇವನ ಹತ್ತಿರ ಹಳೆ ಬಲೆ ಕೊಂಡಿದ್ದಳು, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಫೆಲಿಸ್ಮಿನಾ ಎದ್ದು ಬಂದು ಮಗಳ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಯಾವಾಗ ಹುಟ್ದೆ ನೀನು?"

"ದೋಣಿ ಮುಳುಗಿ ಎರಡು ತಿಂಗ್ಳಿಗೆ, ಅಮ್ಮಾ."

ಮುದುಕಿ ಕಣ್ಣು ಮುಚ್ಚಿ ತೆರೆದಳು. "ಅವನಿಂದ ನಿಮ್ಮಮ್ಮನಿಗೆ ಇನ್ಯಾರಾದ್ರೂ?"

"ಇಲ್ಲ. ನಾನೊಬ್ನೇ."

ಅವಳು ಕೆಂಪು ಗೆರೆಯ ಕೆಳಗೆ ಕತ್ತರಿ ತೂರಿಸಿ ಕಚ್ಚೆಂದು ಕತ್ತರಿಸಿದಳು. ದಾರವನ್ನು ಉಗುರಿನಿಂದ ಕಿತ್ತು ನೆಲಕ್ಕೆ ಎಸೆದಳು. ಯಾರೋ ಅಯ್ಯೋ ಎಂದರು. ಡೆಲ್ಫಿಂ ತಲೆ ತಗ್ಗಿಸಿ, ಟೊಪ್ಪಿ ಇಟ್ಟುಕೊಂಡು ಬಾಗಿಲ ಕಡೆ ತಿರುಗಿದ. ಜುಲ್ಮಿರಾ ಅವನ ಹಿಂದೆ ಒಂದು ಹೆಜ್ಜೆ ಇಟ್ಟಳು.

"ಎಲ್ಲಿಗೋ ಹೊರಟೆ?" ಮುದುಕಿ ಗದರಿದಳು. "ಬಲೆ ನೇಯೋನಿಗೆ ಇಷ್ಟೂ ಗೊತ್ತಿಲ್ವಾ? ಒಬ್ನೇ ಮಗ ಅಂದ್ರೆ ಅವ್ನೇ ಕಿರಿಯೋನು. ಕಿರಿಯೋನಿಗೆ ಎಂಥಾ ಗೆರೆ? ಅಪ್ಪನ ಗುರುತು ಹೇಗಿದ್ಯೋ ಹಾಗೇ ನಿಂದು."

ಅವನು ನಿಂತಲ್ಲೇ ಅಳತೊಡಗಿದ. ಅವಳು ಕತ್ತರಿ ಹಿಡಿದ ಕೈಯನ್ನೇ ಅವನತ್ತ ಚಾಚಿದಳು.

"ಗುರುತು ನಿಂಗೆ ಕೊಟ್ಟೆ ಅಂತ ಅವ್ನನ್ನ ಕ್ಷಮಿಸ್ದೆ ಅಂದ್ಕೋಬೇಡ."