ಇಬ್ಬರ ತಂತಿ, ನನ್ನ ಅಂಗಡಿ

ಮಾನ್ವಿಯಲ್ಲಿ ನಮ್ಮ ಓಣಿಯ ಮೊದಲ ಇಂಟರ್ನೆಟ್ ಅಂಗಡಿ ನನ್ನದು. ಇದನ್ನು ನಾನು ಮೆಲ್ಲಗೆ ಹೇಳುವವಳಲ್ಲ. ಆಗ ಮೊಬೈಲಿನಲ್ಲಿ ಇಂಟರ್ನೆಟ್ ಎಂದರೆ ಚಕ್ರ ತಿರುಗುವುದನ್ನು ನೋಡುತ್ತ ಕೂರುವುದು, ಅಷ್ಟೇ. ಹಿರೇಕೊಟ್ನೆಕಲ್ ಕಡೆಯ ಹುಡುಗಿಯರು ಕಾಲೇಜಿನ ಅರ್ಜಿ ತುಂಬಲು ರಾಯಚೂರಿನ ಬಸ್ಸು ಹತ್ತಬೇಕಿತ್ತು. ಅದೇನು ದೊಡ್ಡ ಕೆಲಸ, ಇಲ್ಲೇ ನಾನು ತುಂಬಿಸುತ್ತೇನೆ ಎಂದು ಹಟ ಹಿಡಿದು, ಮನೆಯ ರಸ್ತೆ ಬದಿಯ ಕೋಣೆಯನ್ನು ಅಬ್ಬಾನ ಹತ್ತಿರ ಕೇಳಿದೆ.

ಅಬ್ಬಾ, ಅಂದರೆ ನಮ್ಮ ತಂದೆ, ಭತ್ತದ ವ್ಯಾಪಾರಿ. ಸುಗ್ಗಿಯಲ್ಲಿ ಚೀಲ ಒಟ್ಟಲು ಅವರಿಗೆ ಆ ಕೋಣೆ ಬೇಕೇ ಬೇಕು. ಭತ್ತ ಬರುವ ತನಕ ಅಂಗಡಿ ನಡೆಸು, ಅಷ್ಟರಲ್ಲಿ ಕುದುರದಿದ್ದರೆ ಕಂಪ್ಯೂಟರ್ ಎತ್ತಿಟ್ಟು ಚೀಲ ಹಾಕಿಸುತ್ತೇನೆ ಎಂದರು. ಅಬ್ಬಾ ಆಡಿದ ಮಾತು ಹಿಂದೆ ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಮನೆಗೆ ಬರುವ ಫೋನಿನ ತಂತಿ ಟೆಲಿಫೋನ್ ಆಫೀಸಿನದು. ಅದೇ ತಂತಿಯ ಮೇಲೆ ಇಂಟರ್ನೆಟ್ ಕೊಡಲು ಹೊಸ ಕಂಪನಿಯೊಂದು ಬಂದಿತ್ತು. ಆಫೀಸಿನವರೂ ತಮ್ಮದೇ ಇಂಟರ್ನೆಟ್ ಮಾರುತ್ತಿದ್ದರು. ಹೀಗೆ ಒಂದೇ ತಂತಿಯಲ್ಲಿ ಒಬ್ಬರ ಫೋನು, ಇನ್ನೊಬ್ಬರ ಇಂಟರ್ನೆಟ್. ಸವತಿಯರ ಸಂಸಾರ. ಹೊಸಬರದು ವೇಗ ಜಾಸ್ತಿ ಎಂದು ಕೇಳಿ ನಾನು ಹೊಸಬರನ್ನೇ ಕರೆದೆ. ಕಂಪನಿಯವನು ಬಂದು ಮಾಡೆಮ್ ಇಟ್ಟ, ಫೋನೂ ಇಂಟರ್ನೆಟ್ಟೂ ಒಂದಕ್ಕೊಂದು ಅಡ್ಡ ಬಾರದಂತೆ ಅಂಗಡಿಯ ಫೋನಿಗೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿದ, ಹೋಗುವಾಗ ಕೇಳಿದ.

"ಮನ್ಯಾಗ ಮತ್ತೊಂದು ಫೋನ್ ಅದ ಏನ್ರಿ?"

"ಇಲ್ರಿ, ಒಂದೇ ಫೋನ್," ಎಂದೆ.

ಹಬ್ಬದ ರಜೆಯ ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನದಿಂದ ಶುರುವಾಯಿತು ನೋಡಿ. ಮಾಡೆಮ್ಮಿನ ಹಸಿರು ದೀಪ ಇದ್ದಕ್ಕಿದ್ದಂತೆ ಆರುವುದು, ಅರ್ಧ ತುಂಬಿದ ಅರ್ಜಿ ಹಾರಿಹೋಗುವುದು. ಕಂಪನಿಯವನನ್ನು ಕೇಳಿದರೆ, "ಲೈನ್ ಖರಾಬ್ ಅದರಿ, ಆಫೀಸಿಗೆ ಹೇಳ್ರಿ." ಆಫೀಸಿನ ಲೈನ್‌ಮನ್ನನ್ನು ಕೇಳಿದರೆ, "ಡಯಲ್ ಟೋನ್ ಬರಾಕತ್ತದಿಲ್ಲೋ? ನಮ್ಮ ಕೆಲಸ ಮುಗೀತು. ಆ ಕಂಪನ್ಯಾವ್ರನ್ನ ಹಿಡೀರಿ." ಇಬ್ಬರೂ ತಮಗೆ ಬಿಡುವಾದಾಗ, ಮಧ್ಯಾಹ್ನದ ಮೇಲೆ ಬರುತ್ತಿದ್ದರು. ಅವರು ಬಂದಾಗ ಆ ಹಾಳಾದ ದೀಪ ಹೊಸ ಮದುಮಗಳ ಹಾಗೆ ತಣ್ಣಗೆ ಕೂತಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಒಬ್ಬ ಹುಡುಗಿಯ ಅರ್ಜಿ ಮೂರು ಸಲ ಹಾರಿತು. ಅವಳು ಎದ್ದು ರಾಯಚೂರಿನ ಬಸ್ಸಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡು ಅತ್ತೆ, ಸಿಟ್ಟಿನಿಂದಲೇ ಅತ್ತೆ. ಹೊಲಗಳಲ್ಲಿ ಭತ್ತ ಹಳದಿ ತಿರುಗಿತ್ತು. ಅಬ್ಬಾ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಕಣ್ಣಳತೆ ಹಾಕುತ್ತಿದ್ದರು.

ಮರುದಿನದಿಂದ ದೀಪ ಆರಿದಾಗಲೆಲ್ಲ ಗಡಿಯಾರ ನೋಡಿ ಬರೆದಿಟ್ಟೆ. ವಾರದಲ್ಲಿ ಸಂಗತಿ ಗೊತ್ತಾಯಿತು. ದೀಪ ಆರುವುದು ಹೆಚ್ಚಾಗಿ ಬೆಳಿಗ್ಗೆ ಹತ್ತರ ಹೊತ್ತಿಗೆ. ಸರಿ, ಇಬ್ಬರಿಗೂ ಹತ್ತಕ್ಕೇ ಬರಲು ಹೇಳಿದೆ. ಒಬ್ಬ ಬರುವುದನ್ನು ಇನ್ನೊಬ್ಬನಿಗೆ ಹೇಳಲಿಲ್ಲ.

ಬಂದರು. ಒಬ್ಬರನ್ನೊಬ್ಬರು ಕಂಡದ್ದೇ ಇಬ್ಬರ ಮುಖವೂ ಹುಳ್ಳಗಾಯಿತು. ಎದ್ದು ಹೋಗುವಂತಿಲ್ಲ, ಯಾಕೆಂದರೆ ನಾನು ಅಷ್ಟರಲ್ಲಿ ಚಹಾ ಕೊಟ್ಟಾಗಿತ್ತು. ನಮ್ಮ ಕಡೆ ಕೊಟ್ಟ ಚಹಾ ಬಿಟ್ಟು ಯಾರೂ ಏಳುವುದಿಲ್ಲ. ಬಸಿಗೆ ಸುರುವಿಕೊಂಡು ಊದುತ್ತ ಜಗಳ ತೆಗೆದರು. ನಿಮ್ಮ ತಂತಿ ಹಳೇದು ಎಂದು ಇವನು, ನಿಮ್ಮ ಮಾಡೆಮ್ ಆಟಿಗಿ ಸಾಮಾನು ಎಂದು ಅವನು. ಅದೇ ಹೊತ್ತಿಗೆ ಹಿಂದಿನ ಗೋದಾಮಿನಿಂದ ಟ್ರಿಣ್ ಟ್ರಿಣ್ ಎಂದು ಫೋನ್ ಬಡಿದುಕೊಂಡಿತು. ನಮ್ಮ ಮುಂದೆ ಹಸಿರು ದೀಪ ಆರಿತು.

ಇಬ್ಬರೂ ನನ್ನ ಮುಖ ನೋಡಿದರು. "ಒಂದೇ ಫೋನ್ ಅಂದಿದ್ರಲ್ರೀ?" ಎಂದ ಕಂಪನಿಯವನು.

ನಾನು ಚಿಕ್ಕವಳಿದ್ದಾಗ ಅಬ್ಬಾ ಆಫೀಸಿಗೆ ತಿಳಿಸದೆ ಅದೇ ತಂತಿಯಿಂದ ಕವಲು ತೆಗೆದು ಗೋದಾಮಿಗೊಂದು ಪ್ಯಾರಲಲ್ ಫೋನ್ ಎಳೆಸಿದ್ದರು. ರಾಯಚೂರಿನ ದಲಾಲರು ದಿನಾ ಹತ್ತಕ್ಕೆ ಭತ್ತದ ರೇಟು ಹೇಳುವುದು ಆ ಫೋನಿಗೇ. ಟೆಲಿಫೋನಿನವರು ಯಾರೇ ಕೇಳಲಿ, ಒಂದೇ ಫೋನ್ ಎನ್ನಬೇಕೆಂದು ಮಕ್ಕಳಿಗೆಲ್ಲ ಪಾಠ ಮಾಡಿಸಿದ್ದರು. ಅಪ್ಪನ ಹೆಸರು ಕೇಳಿದರೆ ಹೇಳುವಷ್ಟೇ ಸಲೀಸಾಗಿ ಆ ಸುಳ್ಳು ನಮ್ಮ ಬಾಯಿಗೆ ಬರುತ್ತಿತ್ತು. ಕರೆಗಳೆಲ್ಲ ಅವರಿಗೇ ಎಂದು ಅಂಗಡಿಯ ಫೋನಿನ ಗಂಟೆ ನಾನೇ ಬಂದ್ ಮಾಡಿಟ್ಟಿದ್ದೆ. ಹಿಂದಿನ ಗಂಟೆ ದಿನಾ ಕೇಳಿ ಕೇಳಿ, ಕೇಳಿಸುವುದೇ ನಿಂತಿತ್ತು. ಈಗ ನಿಜ ಹೇಳಿದರೆ ಆಫೀಸಿನವನ ಕೈಗೆ ಅಬ್ಬಾನನ್ನು ಕೊಟ್ಟಂತೆ. ಸುಮ್ಮನಿದ್ದರೆ ಕೋಣೆ ಚೀಲಗಳಿಗೆ.

"ಪ್ಯಾರಲಲ್ ಅದರಿ ಗೋದಾಮಿನ್ಯಾಗ. ಸುಳ್ಳು ಹೇಳಿದಾಕಿ ನಾನು," ಎಂದೆ.

ಲೈನ್‌ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾನ್ವ್ಯಾಗ ಪ್ಯಾರಲಲ್ ಇಲ್ಲದ ಸಾವಕಾರ್ರ ಮನಿ ತೋರಸ್ರಿ ನನಗ." ತಂತಿಯ ಜಾಡು ಹಿಡಿದು ಹಿಂದಕ್ಕೆ ಹೋದೆವು. ಗೋಡೆಯ ಮೇಲೆ ಬರಿಗೈಯಲ್ಲಿ ಹೊಸೆದು ಪ್ಲಾಸ್ಟಿಕ್ ಸುತ್ತಿದ ಗಂಟು, ಒಳಗೆ ತಾಮ್ರ ಹಸಿರು ಹಿಡಿದಿತ್ತು. ಗಂಟೆ ಬಡಿದಾಗಲೆಲ್ಲ ಇಂಟರ್ನೆಟ್ ಕೆಡಿಸುವುದು ಇದೇ, ಇದನ್ನು ತೆಗೀಬೇಕು ಎಂದು ಇಬ್ಬರೂ ಮೊದಲ ಸಲ ಒಂದೇ ಮಾತು ಆಡಿದರು.

ಅಬ್ಬಾ ರಿಸೀವರ್ ಕೈಯಲ್ಲಿ ಹಿಡಿದು ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನಾನು ತಲೆ ತಗ್ಗಿಸಲಿಲ್ಲ. ತಿಂಗಳಿಂದ ಇಬ್ಬರು ಗಂಡಸರಿಗೆ ಸಿಗದ ರೋಗ ಹುಡುಕಿದವಳು ನಾನು, ಯಾಕೆ ತಗ್ಗಿಸಲಿ? ಅಬ್ಬಾ ರಿಸೀವರ್ ಇಟ್ಟರು. ಲೈನ್‌ಮನ್ ಕಡೆ ಕೈಚಾಚಿ, "ಇಕ್ಕಳ ಕೊಡ್ರಿ," ಎಂದು ಇಸಿದುಕೊಂಡು ಗೋದಾಮಿನ ಆ ತಂತಿಯನ್ನು ತಾವೇ ಕತ್ತರಿಸಿದರು.

ಮರುದಿನ ಹತ್ತಕ್ಕೆ, ನಾನು ಗಂಟೆ ಮತ್ತೆ ಚಾಲೂ ಮಾಡಿದ್ದ ಅಂಗಡಿಯ ಫೋನ್ ಬಡಿಯಿತು. ದೀಪ ಅಲುಗಲಿಲ್ಲ. ಇಬ್ಬರು ಹುಡುಗಿಯರು ಕೂತು ಅರ್ಜಿ ತುಂಬುತ್ತಿದ್ದರು. ರಾಯಚೂರಿನ ದಲಾಲರು ಎಂದು ಅಬ್ಬಾನನ್ನು ಕೂಗಿದೆ. ಅವರು ಬಂದು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತರು.

"ಅಂದರ್ ಆವೂಂ ಕ್ಯಾ?" ಎಂದು ದಖನಿಯಲ್ಲಿ ಮೆಲ್ಲಗೆ ಕೇಳಿದರು.

ತಾವೇ ಕಟ್ಟಿಸಿದ ಮನೆಯ ಕೋಣೆಗೆ ಬರಲು ಅಬ್ಬಾ ನನ್ನ ಅಪ್ಪಣೆ ಕೇಳುತ್ತಿದ್ದರು. ಉತ್ತರ ಕೊಡಲು ನಾನು ತುಸು ತಡ ಮಾಡಿದೆ, ಬೇಕಂತಲೇ.